ಹೊಳಪಿನ ಬೆಲೆ

ನೀರು ನಿಲ್ಲದ ಮಡಕೆಯನ್ನು ಮಡಕೆ ಎನ್ನಬಹುದೆ?

ನಮ್ಮ ಮನೆಗೆ ಬಂದುಹೋದ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಪುಸ್ತಕದ ಬೀರುವಿನ ಮೇಲಿರುವ ಕಪ್ಪು ಗಡಿಗೆಯನ್ನು ಕಂಡಿದ್ದೀರಿ. ಅದನ್ನು ಬಿದರಿ ಕೆಲಸವೆಂದು ತಿಳಿದವರುಂಟು. ಕಲ್ಲಿನದಿರಬೇಕೆಂದು ಬೆರಳಿನಿಂದ ತಟ್ಟಿ ನೋಡಿದವರೂ ಉಂಟು. ಅದು ಬರಿಯ ಜೇಡಿಮಣ್ಣು. ಬಣ್ಣ ಬಳಿದಿಲ್ಲ, ಎಣ್ಣೆ ಸವರಿಲ್ಲ, ಗಾಜಿನ ಲೇಪವೂ ಇಲ್ಲ. ಆದರೂ ಎದುರಿಗೆ ನಿಂತರೆ ನಮ್ಮ ಮುಖದ ನೆರಳು ಕಾಣುವಷ್ಟು ಹೊಳೆಯುತ್ತದೆ. ಅದರಲ್ಲಿ ನೀರು ತುಂಬಿಟ್ಟರೆ ಮಾತ್ರ ಒಸರತೊಡಗುತ್ತದೆ. ಕೊಂಡಾಗಲೇ ಹಾಗೆಂದು ಎಚ್ಚರಿಸಿ ಕೊಟ್ಟಿದ್ದರು.

ಇದು ಅದನ್ನು ಮಾಡಿದವರ ಕೈಯ ಕುಂದಲ್ಲ. ಹೊಳಪಿಗಾಗಿ ಅವರು ತಿಳಿದೇ ತೆತ್ತ ಬೆಲೆ. ಮೆಕ್ಸಿಕೋ ದೇಶದ ಜನಪದ ಕುಂಬಾರಿಕೆಯ ವಿಷಯವನ್ನು ಓದುತ್ತ, ಒಂದಿಷ್ಟನ್ನು ಕಣ್ಣಾರೆ ನೋಡುತ್ತ ಹೋದಂತೆ ಈ ಹೊಳಪು ಮತ್ತು ಬೆಲೆಯ ಲೆಕ್ಕ ನನ್ನನ್ನು ಬಿಡದೆ ಕಾಡಿದೆ. ಅದನ್ನು ನಿಮ್ಮ ಮುಂದೆ ಇಡುವುದು ಈ ಬರಹದ ಉದ್ದೇಶ. ಕೊನೆಯಲ್ಲಿ ಹೊರದೇಶದಲ್ಲಿರುವ ನಿಮ್ಮಲ್ಲಿ ಕೆಲವರಿಗೆ ಉಪಯೋಗಕ್ಕೆ ಬರುವ ಒಂದು ಮಾತೂ ಇದೆ. ದಯವಿಟ್ಟು ಅಲ್ಲಿಯವರೆಗೆ ಓದಿರಿ.

2017ರ ಡಿಸೆಂಬರಿನಲ್ಲಿ, ಟೆಕ್ಸಾಸಿನಲ್ಲಿರುವ ಮಗಳು ಅಳಿಯನ ಜೊತೆಗೆ ನಾನೂ ನನ್ನ ಶ್ರೀಮತಿಯವರೂ ದಕ್ಷಿಣ ಮೆಕ್ಸಿಕೋದ ವಹಾಕಾ ಪ್ರಾಂತಕ್ಕೆ ಹೋಗಿದ್ದೆವು. ಅಲ್ಲಿನ ಸಂತೆಯಲ್ಲಿ ನಡೆದಾಡುವಾಗ ಪರದೇಶವೆಂಬ ಭಾವನೆಯೇ ಬರಲಿಲ್ಲ. ಒಂದು ಕಡೆ ಒಣಮೆಣಸಿನಕಾಯಿಯ ರಾಶಿ, ಇನ್ನೊಂದು ಕಡೆ ಟೊಮೆಟೊ, ಮತ್ತೊಂದು ಕಡೆ ಮೆಕ್ಕೆಜೋಳ. ಇವೆಲ್ಲದರ ತವರು ಆ ನೆಲ. ಸಮುದ್ರ ದಾಟಿ ನಮ್ಮ ಅಡುಗೆಮನೆಯನ್ನು ಸೇರಿದ್ದು ಪೋರ್ಚುಗೀಸರು ಬಂದ ಮೇಲೆ. ಸಂತೆಯ ಮೂಲೆಯಲ್ಲಿ ಒಬ್ಬ ಹೆಂಗಸು ಅಗಲವಾದ ಮಣ್ಣಿನ ತಟ್ಟೆಯ ಮೇಲೆ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದಳು. ನನ್ನ ಶ್ರೀಮತಿಯವರು ನೋಡಿದೊಡನೆ “ಇದು ನಮ್ಮ ರೊಟ್ಟಿಯ ಹೆಂಚೇ ಅಲ್ಲವೆ!” ಎಂದರು. ಅದಕ್ಕೆ ಅಲ್ಲಿ ಕೊಮಾಲ್ ಎಂದು ಹೆಸರು. ಸ್ಪೇನಿನವರು ಬರುವುದಕ್ಕಿಂತ ಬಹಳ ಹಿಂದಿನ ಪಾತ್ರೆ ಅದು. ರೊಟ್ಟಿ ಅಂಟದಿರಲೆಂದು ಅದರ ಮೇಲೆ ಸುಣ್ಣದ ತಿಳಿಯನ್ನು ಸವರುತ್ತಾರೆ. ಅದಕ್ಕೆ ಹೊಳಪಿಲ್ಲ, ಚಿತ್ತಾರವಿಲ್ಲ. ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ.

ಕಪ್ಪು ಗಡಿಗೆಯ ಊರು ಸಾನ್ ಬಾರ್ತೊಲೊ ಕೊಯೊತೆಪೆಕ್. ವಹಾಕಾ ನಗರದಿಂದ ದಕ್ಷಿಣಕ್ಕೆ ಸುಮಾರು 12 ಕಿಲೋಮೀಟರು ದೂರ. ಕೊಯೊಟೆ ಎಂಬುದು ಆ ಸೀಮೆಯ ಒಂದು ಕಾಡುಪ್ರಾಣಿ, ನರಿ ತೋಳಗಳ ಬಂಧು. ಕೊಯೊತೆಪೆಕ್ ಎಂದರೆ ಕೊಯೊಟೆಗಳ ಬೆಟ್ಟ. ಅಲ್ಲಿರುವವರು ಸಾಪೊತೆಕ್ ಎಂಬ ಮೂಲನಿವಾಸಿ ಜನ. ಅವರ ಕುಂಬಾರಿಕೆಯಲ್ಲಿ ನನಗೆ ಮೊದಲು ವಿಸ್ಮಯ ತಂದದ್ದು ಹೊಳಪಲ್ಲ, ತಿಗರಿ ಇಲ್ಲದಿರುವುದು. ಸ್ಪೇನಿನವರು ಬರುವವರೆಗೆ ಅಮೆರಿಕ ಖಂಡಗಳ ಕುಂಬಾರರು ತಿಗರಿಯನ್ನು ಬಳಸಿದವರಲ್ಲ. ಕೊಯೊತೆಪೆಕ್‌ನ ಕುಶಲಿಗಳು ಇಂದಿಗೂ ನೆಲದ ಮೇಲೆ ಮಂಡಿಯೂರಿ ಅಥವಾ ಕುಳಿತು, ಒಂದು ಮಣ್ಣಿನ ತಟ್ಟೆಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಇನ್ನೊಂದು ತಟ್ಟೆಯನ್ನು ಅಂಗಾತ ಇಟ್ಟು, ಅದರಲ್ಲಿ ಮಣ್ಣಿನ ಮುದ್ದೆಯನ್ನು ಕೂರಿಸುತ್ತಾರೆ. ಎಡಗೈ ಮೇಲಿನ ತಟ್ಟೆಯನ್ನು ತಿರುಗಿಸುತ್ತದೆ, ಬಲಗೈ ಮಣ್ಣನ್ನು ಎತ್ತುತ್ತದೆ. ಅಚ್ಚಿಲ್ಲ, ಅಳತೆಪಟ್ಟಿಯಿಲ್ಲ. ಆದರೂ ಎದ್ದ ಗಡಿಗೆಯ ಹೊಟ್ಟೆ ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ.

ಇನ್ನು ಕಪ್ಪು ಬಣ್ಣದ ಮಾತು. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹಳೆಯ ಪಾಠವೇ. ಜೇಡಿಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಬೆರೆತಿರುತ್ತದೆ. ಗಾಳಿ ಧಾರಾಳವಾಗಿ ಆಡುವ ಬೆಂಕಿಯಲ್ಲಿ ಸುಟ್ಟರೆ ಅದು ಕೆಂಪಾಗುತ್ತದೆ. ನಮ್ಮ ಇಟ್ಟಿಗೆ, ಹೆಂಚು, ಹೂಕುಂಡಗಳ ಕೆಂಪು ಅದೇ. ಆವಿಗೆಯ ಬಾಯನ್ನೂ ಬಿರುಕುಗಳನ್ನೂ ಮುಚ್ಚಿ ಗಾಳಿಯನ್ನು ತಡೆದರೆ, ಉರಿಯುವ ಕಟ್ಟಿಗೆ ತನಗೆ ಬೇಕಾದ ಆಮ್ಲಜನಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತದೆ. ಆಗ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ದೊರೆತ ಪ್ರಾಚೀನ ಕಪ್ಪು-ಕೆಂಪು ಮಡಕೆಗಳ ಕಪ್ಪಿಗೂ ಗಾಳಿಯಿಲ್ಲದ ಬೆಂಕಿಯೇ ಕಾರಣ. ಎರಡು ದೇಶಗಳ ಕುಂಬಾರರು ಪರಸ್ಪರ ಕಂಡವರಲ್ಲ; ಬೆಂಕಿ ಇಬ್ಬರಿಗೂ ಒಂದೇ ಪಾಠವನ್ನು ಹೇಳಿಕೊಟ್ಟಿತ್ತು.

ಆದರೆ ಕೊಯೊತೆಪೆಕ್‌ನ ಹಳೆಯ ಗಡಿಗೆಗಳು ಹೊಳೆಯುತ್ತಿರಲಿಲ್ಲ. ಅವು ಬೂದು ಬಣ್ಣದ, ಒರಟು ಮೈಯ, ಗಟ್ಟಿಮುಟ್ಟಾದ ಪಾತ್ರೆಗಳು. ನೀರನ್ನು ಹೊರುವುದಕ್ಕೂ ಮೆಸ್ಕಾಲ್ ಎಂಬ ಮದ್ಯವನ್ನು ತುಂಬಿಡುವುದಕ್ಕೂ ಅವನ್ನು ಬಳಸುತ್ತಿದ್ದರು. ಮೆಸ್ಕಾಲ್ ಅನ್ನು ಇಳಿಸುವುದು ಕತ್ತಾಳೆಯಿಂದ. ನಮ್ಮ ಹೊಲದ ಬದುಗಳಲ್ಲಿ ಬೇಲಿಗೆಂದು ನೆಟ್ಟ ಕತ್ತಾಳೆಯೂ ಮೂಲತಃ ಆ ಕಡೆಯದೇ. ಹೀಗೆ ಶತಮಾನಗಳ ಕಾಲ ಆ ಊರಿನ ಗಡಿಗೆ ದುಡಿಯುವ ಗಡಿಗೆಯಾಗಿತ್ತು. ಕುದಿಯಿಸಿದ್ದನ್ನು ತಾಳುತ್ತಿತ್ತು, ಕತ್ತೆಯ ಬೆನ್ನಿನ ಮೇಲಿನ ಕುಲುಕಾಟವನ್ನೂ ತಾಳುತ್ತಿತ್ತು.

1950ರ ದಶಕದ ಆರಂಭದಲ್ಲಿ ಆ ಊರಿನ ದೋನ್ಯಾ ರೋಸಾ ರೆಆಲ್ ಎಂಬ ಹೆಣ್ಣುಮಗಳು ಈ ಕಥೆಗೆ ಒಂದು ತಿರುವು ಕೊಟ್ಟಳು. ದೋನ್ಯಾ ಎಂಬುದು ಗೌರವದ ಸಂಬೋಧನೆ. ನಮ್ಮ ಕಡೆಯಾಗಿದ್ದರೆ ರೋಸಮ್ಮನವರು ಎನ್ನುತ್ತಿದ್ದೆವು. ಅರ್ಧ ಒಣಗಿದ ಗಡಿಗೆಯ ಮೈಯನ್ನು ತುಸು ತೇವ ಮಾಡಿ, ಬೆಣಚುಕಲ್ಲಿನಿಂದ ಬಿಡದೆ ಉಜ್ಜಿ, ಮಾಮೂಲಿಗಿಂತ ಕಡಿಮೆ ಕಾವಿನಲ್ಲಿ ಸುಟ್ಟರೆ ಬೂದು ಹೋಗಿ ಮಿರುಗುವ ಕಪ್ಪು ಬರುತ್ತದೆ ಎಂಬುದನ್ನು ಆಕೆ ಕಂಡುಕೊಂಡಳೆಂದು ಪ್ರಸಿದ್ಧಿ. ಅಮೆರಿಕದ ನೆಲ್ಸನ್ ರಾಕ್‌ಫೆಲರ್ ಅವರಂಥ ಸಂಗ್ರಾಹಕರು ಅವುಗಳನ್ನು ಕೊಂಡರು. ಊರಿನ ಹೆಸರು ದೇಶಾಂತರಗಳಿಗೆ ಹೋಯಿತು. ರೋಸಮ್ಮ 1980ರಲ್ಲಿ ತೀರಿಕೊಂಡರು. ಅವರ ಮನೆತನದವರು ಅಂಗಳದಲ್ಲಿ ಕುಳಿತು ಬಂದವರಿಗೆ ಅದೇ ಎರಡು ತಟ್ಟೆಗಳ ವಿದ್ಯೆಯನ್ನು ತೋರಿಸುವ ಪದ್ಧತಿಯನ್ನು ಮುಂದುವರಿಸಿದರು.

ಹೊಳಪು ಬಂದದ್ದು ಹೇಗೆ, ನೀರು ಹೋದದ್ದು ಏಕೆ? ಜೇಡಿಮಣ್ಣಿನ ಕಣಗಳು ಮೀನಿನ ಹುರುಪೆಗಳಂತೆ ಚಪ್ಪಟೆ. ಕಲ್ಲಿನಿಂದ ಉಜ್ಜಿದಾಗ ಅವೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ. ಮೈ ಸಮತಲವಾಗಿ ಬೆಳಕು ಚದುರದೆ ಮರಳುತ್ತದೆ. ಕಾವು ಮಿತಿ ಮೀರಿದರೆ ಈ ಕಣಗಳು ಕುಗ್ಗಿ ಒಂದಕ್ಕೊಂದು ಬೆಸೆದುಕೊಳ್ಳುವಾಗ ಮೇಲ್ಮೈಯ ಆ ಜೋಡಣೆ ಕೆಡುತ್ತದೆ, ಹೊಳಪು ಮಾಯವಾಗುತ್ತದೆ. ಆದ್ದರಿಂದ ಬೇಗ ಉರಿ ಇಳಿಸಬೇಕು. ಉರಿ ಇಳಿಸಿದರೆ ಒಳಗಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುವುದಿಲ್ಲ, ಮಣ್ಣು ಗಟ್ಟಿಯಾಗುವುದಿಲ್ಲ. ಹೆಚ್ಚು ಸುಟ್ಟರೆ ನೀರು ನಿಲ್ಲುತ್ತದೆ, ಕಡಿಮೆ ಸುಟ್ಟರೆ ಬೆಳಕು ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಕೊಡುವುದು ಆ ಮಣ್ಣಿಗೂ ಆ ಬೆಂಕಿಗೂ ಸಾಧ್ಯವಿಲ್ಲ. ಈಗ ಅಲ್ಲಿ ಮೈತುಂಬ ಜಾಲಂದ್ರದಂತೆ ಹೂಬಳ್ಳಿ ಕೊರೆದ ಗಡಿಗೆಗಳನ್ನೂ ಮಾಡುತ್ತಾರೆ. ಒಳಗೆ ದೀಪವಿಟ್ಟರೆ ಗೋಡೆಯ ಮೇಲೆಲ್ಲ ಬೆಳಕಿನ ಹೂಗಳು. ನೀರಿನ ಆಸೆಯನ್ನು ಸಂಪೂರ್ಣ ತೊರೆದ ಗಡಿಗೆಗಳು ಅವು.

ಇಷ್ಟು ಹೇಳಿದಾಗ, ಒಳ್ಳೆಯ ಪಾತ್ರೆಯೊಂದು ಷೋಕಿಯ ಸಾಮಾನಾಯಿತಲ್ಲ ಎಂದು ಮರುಗುವವರಿದ್ದಾರೆ. ನನ್ನ ಮನಸ್ಸೂ ಮೊದಲು ಅತ್ತ ಕಡೆಗೇ ವಾಲಿತ್ತು. ಆ ಊರಿನ ಒಂದು ಕಾರ್ಯಾಗಾರದಲ್ಲಿ ವಯಸ್ಸಾದ ಹೆಂಗಸೊಬ್ಬರು ಹಳೆಯ ಬೂದು ಗಡಿಗೆಯನ್ನೂ ಹೊಸ ಕಪ್ಪು ಗಡಿಗೆಯನ್ನೂ ಅಕ್ಕಪಕ್ಕದಲ್ಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ಬೂದು ಗಡಿಗೆ ಗಂಟೆಯಂತೆ ನುಡಿಯಿತು; ಕಪ್ಪು ಗಡಿಗೆಯ ದನಿ ಮಂದವಾಗಿತ್ತು. ಇವೆರಡರಲ್ಲಿ ನಿಮಗೆ ಯಾವುದು ಮೇಲು ಎಂದು ಮಗಳ ಮೂಲಕ ಕೇಳಿಸಿದೆ. ಆಕೆ ನಕ್ಕರು. ಬೂದು ಗಡಿಗೆಯನ್ನು ಹೊತ್ತುಕೊಂಡು ತಮ್ಮ ಹಿರಿಯರು ಊರೂರು ತಿರುಗುತ್ತಿದ್ದರಂತೆ; ತಗಡಿನ ಡಬ್ಬಿ, ಪ್ಲಾಸ್ಟಿಕ್ ಕೊಡ ಬಂದ ಮೇಲೆ ಕೇಳುವವರೇ ಇಲ್ಲವಾಯಿತಂತೆ. ಕಪ್ಪು ಗಡಿಗೆಯಾದರೋ ಕೊಳ್ಳುವವರನ್ನು ತಮ್ಮ ಬಾಗಿಲಿಗೇ ಕರೆತಂದಿತು, ಮಕ್ಕಳನ್ನು ಓದಿಸಿತು ಎಂದರು. ನಾನು ಸುಮ್ಮನಾದೆ.

ಪ್ಲಾಸ್ಟಿಕ್ ಕೊಡ ಬಂದಾಗ ನಮ್ಮ ಹಳ್ಳಿಗಳ ಕುಂಬಾರರ ಗತಿ ಏನಾಯಿತೆಂಬುದನ್ನು ಬಲ್ಲ ಯಾರೂ ಆ ಹೆಂಗಸಿನ ಮಾತಿಗೆ ಎದುರಾಡಲಾರರು. ಗಡಿಗೆ ತನ್ನ ಕೆಲಸವನ್ನು ಬಿಟ್ಟಿತು, ಆದರೆ ಕೆಲಸಗಾರರು ಉಳಿದರು. ಆ ಹೊಳಪಿನ ಬೆಲೆಯನ್ನು ತೆತ್ತದ್ದು ಗಡಿಗೆ, ಮನುಷ್ಯರಲ್ಲ. ಅಂಥ ವ್ಯಾಪಾರವನ್ನು ನಾನು ಒಪ್ಪುತ್ತೇನೆ.

ಎಲ್ಲ ಹೊಳಪಿನ ಕಥೆಯೂ ಹೀಗಿಲ್ಲ.

ವಹಾಕಾ ನಗರದ ಪಕ್ಕದಲ್ಲೇ, ಮೊಂತೆ ಆಲ್ಬಾನ್ ಎಂಬ ಪ್ರಾಚೀನ ಸಾಪೊತೆಕ್ ರಾಜಧಾನಿಯ ಬುಡದಲ್ಲಿ, ಸಾಂತಾ ಮರಿಯಾ ಆತ್ಸೊಂಪಾ ಎಂಬ ಇನ್ನೊಂದು ಕುಂಬಾರರ ಊರಿದೆ. ಅದು ಹಸಿರು ಪಾತ್ರೆಗಳಿಗೆ ಹೆಸರಾದದ್ದು. ಹಸಿರು ಗಾಜಿನ ಲೇಪದಿಂದ ಮಿನುಗುವ ಬಟ್ಟಲು, ಹೂಜಿ, ಸಾರಿನ ಪಾತ್ರೆಗಳು ಅಲ್ಲಿಂದ ಸುತ್ತಲ ಅಡುಗೆಮನೆಗಳಿಗೆಲ್ಲ ಹೋಗುತ್ತಿದ್ದವು. ಈ ಲೇಪದ ವಿದ್ಯೆಯೂ ತಿಗರಿಯೂ 16ನೆಯ ಶತಮಾನದಲ್ಲಿ ಸ್ಪೇನಿನಿಂದ ಬಂದವು. ಲೇಪ ಬಂದದ್ದರಿಂದ ಮಣ್ಣಿನ ಪಾತ್ರೆ ಒಸರುವುದು ನಿಂತಿತು, ತೊಳೆಯುವುದು ಸುಲಭವಾಯಿತು. ಇಲ್ಲಿ ಹೊಳಪೂ ಇದೆ, ನೀರೂ ನಿಲ್ಲುತ್ತದೆ. ಹಾಗಾದರೆ ಬೆಲೆ ತೆತ್ತವರು ಯಾರು?

ಗಾಜು ಎಂದರೆ ಕರಗಿದ ಮರಳು. ಅಪ್ಪಟ ಬೆಣಚು ಮರಳು ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹಳ್ಳಿಯ ಕಟ್ಟಿಗೆಯ ಆವಿಗೆ ಸಾವಿರ ಡಿಗ್ರಿ ಮುಟ್ಟುವುದೇ ಕಷ್ಟ. ಮರಳಿಗೆ ಸೀಸದ ಆಕ್ಸೈಡನ್ನು ಬೆರೆಸಿದರೆ ಆ ಕಡಿಮೆ ಕಾವಿನಲ್ಲೇ ಕರಗಿ ಕನ್ನಡಿಯಂತೆ ಹರಡಿಕೊಳ್ಳುತ್ತದೆ. ಅಲ್ಲಿನ ಕುಂಬಾರರು ಇದನ್ನು ಗ್ರೇತಾ ಎನ್ನುತ್ತಾರೆ. ಕಾವು ಸಾಕಷ್ಟು ಏರದಿದ್ದರೆ ಸೀಸ ಪೂರ್ಣವಾಗಿ ಗಾಜಿನೊಳಗೆ ಸೆರೆಯಾಗದೆ ಉಳಿಯುತ್ತದೆ. ಅಂಥ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ಹಾಕಿದರೆ ಸೀಸ ನಿಧಾನವಾಗಿ ಅಡುಗೆಗೆ ಇಳಿಯುತ್ತದೆ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಮಾಡಬೇಡಿ, ಕಿಲುಬು ಇಳಿಯುತ್ತದೆ ಎಂದು ನಮ್ಮ ಅಜ್ಜಿಯರು ಗದರುತ್ತಿದ್ದುದು ನಿಮಗೆ ನೆನಪಿರಬಹುದು. ಕಿಲುಬಿಗೆ ಬಣ್ಣವಿದೆ, ಕೆಟ್ಟ ರುಚಿಯಿದೆ. ಕಣ್ಣು ನಾಲಗೆಗಳು ಎಚ್ಚರಿಸುತ್ತವೆ. ಸಾರಿಗಿಳಿದ ಸೀಸ ಕಣ್ಣಿಗೆ ಕಾಣದು, ನಾಲಗೆಗೂ ತಿಳಿಯದು. ಮೆಕ್ಸಿಕೋದ ಅಡುಗೆಯೋ ಟೊಮೆಟೊ, ನಿಂಬೆ, ಮೆಣಸಿನಕಾಯಿಗಳ ಅಡುಗೆ.

ಸೀಸ ದೊಡ್ಡವರನ್ನೂ ಕೆಡಿಸುತ್ತದೆ. ಆದರೆ ಅದರ ಮುಖ್ಯ ಬೇಟೆ ಮಕ್ಕಳು. ಬೆಳೆಯುವ ಮಿದುಳಿಗೆ ಅದು ಹಾಕುವ ಏಟು ಜ್ಞಾಪಕಶಕ್ತಿ, ಏಕಾಗ್ರತೆ, ಕಲಿಯುವ ಸಾಮರ್ಥ್ಯಗಳ ಮೇಲೆ ಬೀಳುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಎಂದು ಹೇಳಬಲ್ಲ ಯಾವ ಪ್ರಮಾಣವೂ ಇಲ್ಲವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮೆಕ್ಸಿಕೋದಲ್ಲಿ 2018ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಭಾಗವಾಗಿ 1ರಿಂದ 4 ವರ್ಷದ ಮಕ್ಕಳ ರಕ್ತವನ್ನು ಪರೀಕ್ಷಿಸಿದರು. ಹೆಚ್ಚೂಕಡಿಮೆ ಆರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ, ಒಂದು ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಎಂಬ ಎಚ್ಚರಿಕೆಯ ಗೆರೆಯನ್ನು ಮುಟ್ಟಿದ ಅಥವಾ ದಾಟಿದ ಸೀಸ ಕಂಡುಬಂತು. ಸೀಸದ ಲೇಪದ ಪಾತ್ರೆಗಳ ಬಳಕೆ ಇದಕ್ಕೆ ಪ್ರಮುಖ ಕಾರಣಗಳಲ್ಲಿ ಒಂದು.

ಈ ಸಂಗತಿಯನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಬಾಳಿನ ಬಹುಭಾಗವನ್ನು ತರಗತಿಯಲ್ಲಿ ಕಳೆದವನಿಗೆ ಅಂಕಿ ಬರಿಯ ಅಂಕಿಯಾಗಿ ಕಾಣುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು, ಎಷ್ಟು ಹೇಳಿದರೂ ಮನಸ್ಸಿಗೆ ಹಿಡಿಸಿಕೊಳ್ಳಲಾಗದೆ ಕಿಟಕಿಯ ಕಡೆಗೆ ನೋಡುವ ಮಗು ಎಲ್ಲ ದೇಶದ ಶಾಲೆಗಳಲ್ಲೂ ಇರುತ್ತದೆ. ಅದನ್ನು ದಡ್ಡ ಎನ್ನುವ ಮೊದಲು ಅದು ಉಂಡ ಬಟ್ಟಲನ್ನು ನೋಡಬೇಕಾಗಬಹುದು ಎಂಬ ಯೋಚನೆ ಸಣ್ಣದಲ್ಲ. ಈ ವಿಷ ಮೊದಲು ಮುಟ್ಟುವುದು ಕೊಳ್ಳುವವರ ಮಕ್ಕಳನ್ನಲ್ಲ, ಕುಂಬಾರರ ಮಕ್ಕಳನ್ನು. ಏಕೆಂದರೆ ಅಲ್ಲಿ ಮನೆಯೇ ಕಾರ್ಯಾಗಾರ. ಲೇಪವನ್ನು ಕಲಸುವ ಅಂಗಳದಲ್ಲೇ ಮಗು ಅಂಬೆಗಾಲಿಡುತ್ತದೆ. ಆ ಧೂಳೇ ಅದರ ಅಂಗೈಗೆ, ಅಂಗೈಯಿಂದ ಬಾಯಿಗೆ.

ಹಾಗೆಂದು ಕುಂಬಾರರನ್ನು ದೂರುವುದು ಅನ್ಯಾಯ. ಈ ಲೇಪವನ್ನು ಅವರು ಕಂಡುಹಿಡಿಯಲಿಲ್ಲ. ಅದು ನಾಲ್ಕುನೂರಕ್ಕೂ ಹೆಚ್ಚು ವರ್ಷಗಳ ಕಾಲ ತಾಯಿಯಿಂದ ಮಗಳಿಗೆ ಬಂದ ಆಸ್ತಿ. ಸೀಸವಿಲ್ಲದ ಲೇಪಗಳನ್ನು ಬಳಕೆಗೆ ತರುವ ಪ್ರಯತ್ನ 1990ರ ದಶಕದಿಂದ ನಡೆದುಬಂದಿದೆ. ಕರಕುಶಲಿಗಳ ನೆರವಿಗಾಗಿ ಮೆಕ್ಸಿಕೋ ಸರ್ಕಾರ 1974ರಲ್ಲಿ ಸ್ಥಾಪಿಸಿದ ಫೊನಾರ್ತ್ ಎಂಬ ಸಂಸ್ಥೆ ಇದರಲ್ಲಿ ಕೈಹಾಕಿತು. ‘ಸೀಸವಿಲ್ಲದ ಮಣ್ಣು’ ಎಂಬ ಅರ್ಥದ ಹೆಸರನ್ನಿಟ್ಟುಕೊಂಡ ಸ್ವಯಂಸೇವಾ ಸಂಸ್ಥೆಯೂ ಊರೂರಿಗೆ ಹೋಗಿ ಕಲಿಸಿದೆ. ಸೀಸದ ಬದಲು ಬೋರಾನ್ ಸೇರಿಸಿದ ಲೇಪವೂ ಕರಗುತ್ತದೆ, ಹೊಳೆಯುತ್ತದೆ. ಆದರೆ ಅದು ಕಾವಿನ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ಹಳೆಯ ಆವಿಗೆಯನ್ನು ಸರಿಪಡಿಸಬೇಕು, ಕಟ್ಟಿಗೆ ಹೆಚ್ಚು ಬೇಕು, ಸೀಸ ಅಂಟಿದ ಹಲಗೆ ಪಾತ್ರೆಗಳನ್ನು ಬದಲಾಯಿಸಬೇಕು. ಇದೆಲ್ಲವನ್ನೂ ಮಾಡಿ ಸಂತೆಗೆ ಒಯ್ದರೆ ಪಕ್ಕದವರ ಪಾತ್ರೆ ಇನ್ನೂ ಅಗ್ಗವಾಗಿ, ಇನ್ನೂ ಹೆಚ್ಚು ಮಿನುಗುತ್ತ ಕುಳಿತಿರುತ್ತದೆ. ಕೊಳ್ಳುವವರು ಮಿನುಗುವುದರ ಕಡೆಗೇ ಕೈಚಾಚುತ್ತಾರೆ. ಹೊಳಪನ್ನು ಬೇಡುವುದು ನಮ್ಮ ಕಣ್ಣು. ಸಾಲ ತೀರಿಸುವುದು ಅವರ ಮನೆ.

ಅದೇ ಆತ್ಸೊಂಪಾದಲ್ಲಿ ತೆಯೊದೋರಾ ಬ್ಲಾಂಕೊ ಎಂಬಾಕೆ ಬಾಳಿದ್ದಳು. ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು, ಕೊಯೊತೆಪೆಕ್‌ನ ರೋಸಮ್ಮನಂತೆಯೇ, 1980ರಲ್ಲಿ. ಹಸಿರು ಲೇಪದ ಊರಿನಲ್ಲಿದ್ದೂ ಆಕೆ ಹೆಸರು ಗಳಿಸಿದ್ದು ಲೇಪವಿಲ್ಲದ ಗೊಂಬೆಗಳಿಂದ. ಮಣ್ಣಿನ ಹೆಂಗಸರ ಆಕೃತಿಗಳ ಮೇಲೆ ಮಣ್ಣಿನದೇ ಸಣ್ಣ ಸಣ್ಣ ಹೂವು, ಎಲೆ, ಗುಂಡುಗಳನ್ನು ಮಾಡಿ ಅಂಟಿಸಿ, ಕಸೂತಿ ಹಾಕಿದ ಬಟ್ಟೆ ಉಟ್ಟಂತೆ ಕಾಣಿಸುತ್ತಿದ್ದಳು. ಸುಟ್ಟ ಮಣ್ಣಿಗೆ ಯಾವ ಬಣ್ಣವಿದೆಯೋ ಅದೇ ಬಣ್ಣ; ಮೆರುಗಿನ ಹಂಗಿಲ್ಲ. ರೋಸಮ್ಮನ ಗಡಿಗೆಗಳನ್ನು ಕೊಂಡ ರಾಕ್‌ಫೆಲರ್ ಈಕೆಯ ಗೊಂಬೆಗಳನ್ನೂ ಕೊಂಡಿದ್ದರು. ಹೊಳೆಯದ ಮಣ್ಣನ್ನು ನೋಡುವ ಕಣ್ಣೂ ಲೋಕದಲ್ಲಿದೆ ಎಂಬುದಕ್ಕೆ ಆಕೆಯ ಬಾಳೇ ಸಾಕ್ಷಿ.

ಇನ್ನೊಬ್ಬನ ಮಾತನ್ನೂ ಹೇಳದಿದ್ದರೆ ಮೇಷ್ಟರಾದ ನನಗೆ ಸಮಾಧಾನವಿಲ್ಲ. ಮೆಕ್ಸಿಕೋದ ಉತ್ತರ ತುದಿಯಲ್ಲಿ ಚಿವಾವಾ ಪ್ರಾಂತವಿದೆ. ಅಲ್ಲಿನ ಮಾತಾ ಓರ್ತಿಸ್ ಹಳ್ಳಿಯ ಹುವಾನ್ ಕೆಸಾದಾ 1940ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಸೌದೆ ತರಲು ಬೆಟ್ಟಕ್ಕೆ ಹೋದವನಿಗೆ ಹಳೆಯ ಕಾಲದ ಚಿತ್ತಾರದ ಮಡಕೆಚೂರುಗಳು ಸಿಕ್ಕವು. ಹತ್ತಿರದಲ್ಲೇ ಇರುವ ಪಾಕಿಮೆ ಎಂಬ ಪಾಳುನಗರದ ಜನ ಐದಾರು ಶತಮಾನಗಳ ಹಿಂದೆ ಮಾಡಿ ಬಿಟ್ಟುಹೋದವು ಅವು. ಹೇಳಿಕೊಡುವವರು ಒಬ್ಬರೂ ಇರಲಿಲ್ಲ. ರೈಲ್ವೆಯಲ್ಲಿ ಕೂಲಿ ಮಾಡುತ್ತ, ಆ ಚೂರುಗಳನ್ನೇ ಗುರುವೆಂದು ತಿಳಿದು, ವರ್ಷಗಟ್ಟಲೆ ಮಣ್ಣನ್ನು ಕಲಸಿ ಒಡೆದು ಮತ್ತೆ ಕಲಸಿ ಅವನು ಆ ವಿದ್ಯೆಯನ್ನು ಮರಳಿ ಕಂಡುಕೊಂಡ. ಕೋಡಬಳೆಯ ಹಿಟ್ಟನ್ನು ಹೊಸೆದಂತೆ ಮಣ್ಣನ್ನು ಹೊಸೆದು, ಸುತ್ತಿ ಎತ್ತರಿಸುವುದು; ಕೂದಲಿನ ಕುಂಚದಿಂದ ಗೆರೆ ಎಳೆಯುವುದು; ಒಣಗಿದ ಸಗಣಿಯ ಬೆಂಕಿಯಲ್ಲಿ ಸುಡುವುದು. ಬೆರಣಿಯ ಉರಿಯನ್ನು ಬಲ್ಲ ನಮಗೆ ಇದು ಹೊಸದಲ್ಲ. 1976ರಲ್ಲಿ ಅಮೆರಿಕದ ಡೆಮಿಂಗ್ ಎಂಬ ಊರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಸ್ಪೆನ್ಸರ್ ಮ್ಯಾಕಲಮ್ ಎಂಬವರಿಗೆ ಹೆಸರಿಲ್ಲದ ಮೂರು ಮಡಕೆಗಳು ಕಂಡವು. ಮಾಡಿದವರು ಯಾರೆಂದು ಹುಡುಕಿಕೊಂಡು ಗಡಿ ದಾಟಿ ಅವರು ಕೆಸಾದಾನ ಮನೆಯನ್ನು ತಲುಪಿದರು. 1999ರಲ್ಲಿ ಆತನಿಗೆ ಮೆಕ್ಸಿಕೋದ ರಾಷ್ಟ್ರೀಯ ಪುರಸ್ಕಾರ ದೊರೆಯಿತು; 2022ರಲ್ಲಿ ತೀರಿಕೊಂಡ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಅಷ್ಟು ಕಷ್ಟಪಟ್ಟು ಒಬ್ಬನೇ ಗಳಿಸಿದ ವಿದ್ಯೆಯನ್ನು ಅವನು ಮುಚ್ಚಿಟ್ಟುಕೊಳ್ಳಲಿಲ್ಲ. ಒಡಹುಟ್ಟಿದವರಿಗೆ, ನೆರೆಯವರಿಗೆ, ಊರಿಗೆಲ್ಲ ಕಲಿಸಿದ. ಬಡ ಹಳ್ಳಿಯೊಂದರಲ್ಲಿ ನೂರಾರು ಜನ ಮಡಕೆಯಿಂದ ಅನ್ನ ಕಾಣುವಂತಾಯಿತು.

ಅಂಗಡಿಯಲ್ಲಿ ಮೂರು ಮಡಕೆಗಳನ್ನು ಕಂಡಾಗ ಮ್ಯಾಕಲಮ್ ಕೇಳಿದ್ದು ‘ಇದನ್ನು ಮಾಡಿದವರು ಯಾರು’ ಎಂದು. ಸುಂದರವಾದ ವಸ್ತುವನ್ನು ಕಂಡಾಗ ನಾವು ಸಾಮಾನ್ಯವಾಗಿ ಕೇಳುವುದು ಎಷ್ಟು ಎಂದು ಮಾತ್ರ. ‘ಯಾರು’ ಎಂದು ಕೇಳಿದರೆ ಅದರ ಬೆನ್ನಿಗೇ ಬೇರೆ ಪ್ರಶ್ನೆಗಳೂ ಬರುತ್ತವೆ: ಹೇಗೆ ಮಾಡಿದರು, ಏನನ್ನು ಬೆರೆಸಿದರು, ಅದರಿಂದ ಅವರಿಗೇನಾಯಿತು.

ಈಗ ಮೊದಲೇ ಹೇಳಿದ ಉಪಯೋಗದ ಮಾತು. ಅಮೆರಿಕದಲ್ಲಿ ನೆಲೆಸಿರುವ ನೀವು ಮೆಕ್ಸಿಕೋದ ಸಂತೆಗಳಿಂದ, ಗಡಿಯ ಊರುಗಳಿಂದ ಬಣ್ಣದ ಮಣ್ಣಿನ ಪಾತ್ರೆಗಳನ್ನು ಕೊಂಡುತರುತ್ತೀರಿ ಎಂದು ಬಲ್ಲೆ. ಅವುಗಳಲ್ಲಿ ಸಾರು, ಹುಳಿ, ಉಪ್ಪಿನಕಾಯಿಗಳನ್ನು ಹಾಕಿಡಬೇಡಿ. ಕೊಳ್ಳುವಾಗ ‘ಸಿನ್ ಪ್ಲೋಮೊ’ ಆಗಿದೆಯೇ, ಅಂದರೆ ಸೀಸವಿಲ್ಲದ್ದೇ, ಎಂದು ಕೇಳಿರಿ. ಹಾಗೆಂದು ಚೀಟಿ ಅಂಟಿಸಿದ ಕೆಲವು ಪಾತ್ರೆಗಳಲ್ಲೂ ಸೀಸ ಸಿಕ್ಕಿರುವುದರಿಂದ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಚೀಟಿಯೊಂದನ್ನೇ ನಂಬಬೇಡಿರೆಂದು ಎಚ್ಚರಿಸಿದೆ. ಮನೆಯಲ್ಲಿ ಮಗುವಿದ್ದರೆ, ಬಸುರಿ ಬಾಣಂತಿಯರಿದ್ದರೆ ಅಂಥ ಪಾತ್ರೆಯನ್ನು ಗೋಡೆಗೆ ತೂಗುಹಾಕಿ ನೋಡಿ ಸಂತೋಷಪಡಿರಿ, ಊಟಕ್ಕೆ ಬೇಡ.

ಇಷ್ಟು ಕೇಳಿ ಮಣ್ಣಿನ ಪಾತ್ರೆಗೇ ಹೆದರಬೇಡಿ. ಮಣ್ಣಿನಲ್ಲಿ ವಿಷವಿಲ್ಲ, ಲೇಪದಲ್ಲಿದೆ. ಕುಂಬಾರರಿಂದ ಕೊಳ್ಳುವುದನ್ನು ನಿಲ್ಲಿಸಿದರೆ ಅವರ ಮಕ್ಕಳು ಸೀಸದಿಂದ ಪಾರಾಗಿ ಹಸಿವಿಗೆ ಸಿಕ್ಕುತ್ತಾರೆ, ಅಷ್ಟೇ. ಸೀಸವಿಲ್ಲದ ಲೇಪಕ್ಕೆ ಬದಲಾದವರನ್ನು ಹುಡುಕಿ, ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಳ್ಳಿರಿ. ಬದಲಾಗುವುದರಲ್ಲಿ ಲಾಭವುಂಟೆಂದು ಪಕ್ಕದ ಆವಿಗೆಯವರಿಗೂ ತಿಳಿಯಲಿ. ಮಿನುಗು ಒಂದು ಪಾಲು ಕಡಿಮೆಯಿದ್ದರೆ ಮುಖ ಸಿಂಡರಿಸಬೇಡಿರಿ. ಆ ಕಡಿಮೆಯಾದ ಮಿನುಗು, ಇಂದು ಆತ್ಸೊಂಪಾದ ಅಂಗಳದಲ್ಲಿ ಅಂಬೆಗಾಲಿಡುತ್ತಿರುವ ಮಗು ನಾಳೆ ಶಾಲೆಯಲ್ಲಿ ಮಗ್ಗಿಯನ್ನು ತಡವರಿಸದೆ ಒಪ್ಪಿಸುವಾಗ ಅದರ ಕಣ್ಣಿನಲ್ಲಿ ಕಾಣಬಹುದು.